ಬೋಪಯ್ಯ ನಿಂತ ಚೌಕ

ತ್ರಿಪ್ಪುಣಿತ್ತುರ
೮ ಜೂನ್ ೨೦೨೫, ಭಾನುವಾರ

ರತ್ನಾಕರಣ್ಣನವರಿಗೆ, ಅಂದರೆ ನಮ್ಮ ದಾಳದಾಟ ನಡೆಸುವ ಭಾಗವತರಿಗೆ,

ನನ್ನ ಚಂದ್ರಮ್ಮನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ ನೀವು ಕೊಚ್ಚಿ ಆಫೀಸು ಬಿಟ್ಟು ತಿರುವನಂತಪುರಕ್ಕೆ ಹೊರಟುಹೋಗಿ ನಾಲ್ಕು ತಿಂಗಳಾಯಿತು. ಪಾಪದ ಹೆಂಗಸು, ಇನ್ನೂ ಅಲ್ಲೇ ಇದ್ದಾಳೆ. ಮಾಂತ್ರಿಕಳಿಗೆ ನನ್ನ ಅಜ್ಜಿಯ ಹೆಸರಿಟ್ಟದ್ದಕ್ಕೆ ನೀವು ನಕ್ಕಿದ್ದಿರಿ. ಅಜ್ಜಿಯೇ ಆಗಿದ್ದರೆ ಇಷ್ಟರಲ್ಲಿ ಬಾಗಿಲು ಒಡೆದು ಆಚೆ ಬಂದು ನಿಮ್ಮ ಕಿವಿ ಹಿಂಡುತ್ತಿದ್ದಳು.

ನನ್ನ ಮನೆಯೊಡತಿ ನಿರ್ಮಲ ಚೇಚಿಗೆ ಈ ಆಟವನ್ನು ವಿವರಿಸಿ ಸೋತೆ. ದಾಳ ಉರುಳಿಸಿ, ಇಲ್ಲದ ಗುಹೆಯಲ್ಲಿ ಇಲ್ಲದ ರಾಕ್ಷಸರನ್ನು ಹೊಡೆಯಲು ನಲವತ್ತರ ಹತ್ತಿರದ ಇಬ್ಬರು ಸರ್ಕಾರಿ ನೌಕರರು ಅಂಚೆಚೀಟಿ ಹಚ್ಚುತ್ತಾರೆಯೇ ಎಂದು ಕೇಳಿದರು. ಆಫೀಸಿನ ಸಾಹೇಬರು ಎಲ್ಲರ ಫೋನು ಇಸಿದುಕೊಂಡು ವಾಟ್ಸಾಪ್ ಓದಿದ ಮೇಲೆ ನಾವಿಬ್ಬರೂ ಫೋನಿನಲ್ಲಿ ಏನನ್ನೂ ಬರೆಯುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ. ಅಂಚೆಯ ಮುದ್ರೆ ಬಿದ್ದ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬ ನಿಮ್ಮ ನಿಯಮ ಕೇಳಿ ಮಾತ್ರ, ‘ಅದು ಸರಿ’ ಎಂದರು.

ಈಗ ಪ್ರಶ್ನೆ. ಕೋಣೆ ಮೂವತ್ತಡಿಗೆ ಮೂವತ್ತಡಿ. ಒಳಗೆ ಹನ್ನೊಂದು ಕುಳ್ಳ ರಾಕ್ಷಸರು. ಚಂದ್ರಮ್ಮ ಉತ್ತರದ ಬಾಗಿಲ ಸಂದಿಯಲ್ಲಿದ್ದಾಳೆ. ನಡುವೆ ಒಂದು ಕಂಬ. ಅದರ ಮರೆಯಲ್ಲಿ, ನಾನೊಬ್ಬಳೇ ಎಂದು ನೀವು ಜತೆಗೆ ಕಳಿಸಿದ ವೀರ ಬೋಪಯ್ಯ. ಅವನಲ್ಲಿ ಉಳಿದಿರುವುದು ಒಂಬತ್ತೇ ಪ್ರಾಣಾಂಕ. ನನ್ನಲ್ಲಿ ಉಳಿದಿರುವುದು ಒಂದೇ ಮಂತ್ರ, ಬೆಂಕಿಯುಂಡೆ. ಅದು ಸಿಡಿದ ಜಾಗದಿಂದ ಸುತ್ತಲೂ ಇಪ್ಪತ್ತಡಿಯೊಳಗಿನ ಪ್ರತಿ ಜೀವಿಗೂ ತಾಗುತ್ತದೆ, ಬೆಂಕಿ ಮೂಲೆ ಸುತ್ತಿ ಹರಡುತ್ತದೆ ಎನ್ನುತ್ತದೆ ನಿಯಮದ ಪುಸ್ತಕ. ಹಾಗಾದರೆ ಆ ಇಪ್ಪತ್ತಡಿಯನ್ನು ಬೆಂಕಿ ಸುತ್ತಿದ ದಾರಿಯಲ್ಲಿ ಅಳೆಯಬೇಕೇ, ನೇರವಾಗಿ ಅಳೆಯಬೇಕೇ? ಸುತ್ತಿ ಅಳೆದರೆ ಬೋಪಯ್ಯ ನಿಂತ ಚೌಕ ಹೊರಗುಳಿಯುತ್ತದೆ. ನಾನು ಚೌಕುಳಿ ಹಾಳೆಯ ಮೇಲೆ ಹೊಲಿಗೆ ದಾರ ಹಿಡಿದು ಅಳೆದಿದ್ದೇನೆ.

ಮೊನ್ನೆ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಫಾತಿಮಾ ಸಿಕ್ಕಳು, ನಮ್ಮ ಆಫೀಸು ಗುಡಿಸುತ್ತಿದ್ದವಳು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಲಾಟರಿ ಚೀಟಿ ಮಾರುತ್ತಾಳೆ. ಪಕ್ಕದಲ್ಲಿ ಊರುಗೋಲಿತ್ತು. ‘ಸುಖಮಾಣೋ ಚೇಚೀ’ ಎಂದು ಅವಳೇ ಕೇಳಿದಳು, ಸುಖವೇ ಅಕ್ಕ ಎಂದು. ಒಂದು ಚೀಟಿ ಕೊಂಡು ಓಡಿಬಂದೆ.

ಉತ್ತರ ಬೇಗ ಬರೆಯಿರಿ.
ಸುಮಿತ್ರ

*

ಉಳ್ಳೂರ್, ತಿರುವನಂತಪುರ
೧೩ ಜೂನ್ ೨೦೨೫

ಪ್ರಿಯ ಸುಮಿತ್ರಾ,

ತಮ್ಮ ೮ನೇ ತಾರೀಕಿನ ಪತ್ರ ತಲುಪಿದೆ, ಪರಿಶೀಲಿಸಲಾಗಿದೆ. ದಾರದ ಅಳತೆಯನ್ನು ತಿರಸ್ಕರಿಸಲಾಗಿದೆ.

ಬೆಂಕಿ ಬಸ್ಸಲ್ಲ ಮಾರಾಯ್ರೆ, ದಾರಿಯ ದೂರ ನೋಡಿಕೊಂಡು ಹೋಗಲಿಕ್ಕೆ. ಬೇರೆ ಮಂತ್ರಗಳಾದರೆ ಕಂಬದ ಮರೆಯಲ್ಲಿ ನಿಂತವನು ಬಚಾವು. ಈ ಮಂತ್ರಕ್ಕೆ ಮೂಲೆ ಸುತ್ತುತ್ತದೆ ಎಂದು ಬರೆದಿರುವುದೇ ಆ ಮರೆಯನ್ನು ಇಲ್ಲವಾಗಿಸಲಿಕ್ಕೆ. ವೃತ್ತವನ್ನು ನೇರವಾಗಿ ಅಳೆಯಬೇಕು. ಒಳಗೆ ಬಿದ್ದವನು ಒಳಗೆ. ನಿಮ್ಮ ಮುಂದಿನ ಪ್ರಶ್ನೆ ಅರ್ಧ ಚೌಕದ್ದೆಂದು ನನಗೆ ಗೊತ್ತು. ಅದಕ್ಕೂ ಈಗಲೇ ಉತ್ತರ: ಚೌಕದ ನಡುಭಾಗ ವೃತ್ತದೊಳಗಿದ್ದರೆ ಅಲ್ಲಿ ನಿಂತವನು ಪೂರ್ತಿ ಒಳಗೆ. ಅರ್ಧ ಒಳಗೆ, ಅರ್ಧ ಹೊರಗೆ ಎಂಬ ಸ್ಥಿತಿ ನಮ್ಮ ಆಟದಲ್ಲಿಲ್ಲ. ದಾಳ ಒಲಿದು ಬೋಪಯ್ಯ ಪಕ್ಕಕ್ಕೆ ಜಿಗಿದರೂ ಅರ್ಧ ಪೆಟ್ಟು ತಿನ್ನಲೇಬೇಕು. ಒಂಬತ್ತು ಪ್ರಾಣಾಂಕದವನಿಗೆ ಅರ್ಧವೂ ಧಾರಾಳ.

ಇಲ್ಲಿ ಎಲ್ಲ ಸೌಖ್ಯ. ಮನೆ ಜಂಕ್ಷನ್ನಿನ ಹತ್ತಿರ, ಆಂಬುಲೆನ್ಸ್ ಸದ್ದು ಅಭ್ಯಾಸವಾಗಿದೆ. ನಮ್ಮ ಮನೆಯಾಕೆ ಭವಾನಿ ದಿನಾ ಸಂಜೆ ಒಂದು ಸುತ್ತು ನಡೆದು ಬರುತ್ತಾಳೆ, ತೂಕ ಸ್ವಲ್ಪ ಇಳಿದಿದೆ ಎಂದು ಖುಷಿ ಅವಳಿಗೆ.

ಇತಿ ನಿಮ್ಮ
ರತ್ನಾಕರ

*

ತ್ರಿಪ್ಪುಣಿತ್ತುರ
೧೮ ಜೂನ್ ೨೦೨೫

ರತ್ನಾಕರಣ್ಣ,

ತೀರ್ಪು ಓದಿದೆ. ಬೋಪಯ್ಯನ ಬಗ್ಗೆ ಅರ್ಧ ಪುಟ, ಫಾತಿಮಾಳ ಬಗ್ಗೆ ಒಂದಕ್ಷರ ಇಲ್ಲ. ನನ್ನ ಪತ್ರದ ಆ ಸಾಲುಗಳು ದಾರಿಯಲ್ಲಿ ಉದುರಿಹೋದವೇ?

ನಿಮಗೆ ಮರೆತಿದ್ದರೆ ಇರಲಿ ಎಂದು ಬರೆಯುತ್ತೇನೆ. ಕಳೆದ ನವೆಂಬರ್ ಇಪ್ಪತ್ತೊಂದು. ರೆಕಾರ್ಡ್ ರೂಮಿನಲ್ಲಿ ಫಾತಿಮಾಳಲ್ಲದೆ ಐವರಿದ್ದೆವು: ಸಾಹೇಬರು, ಜೋಸೆಫ್, ಇಬ್ರಾಹಿಂ, ನೀವು, ನಾನು. ‘ಸಾರ್, ಆ ರ್‍ಯಾಕ್ ಅಲುಗಾಡ್ತದೆ, ಹತ್ತಿಸ್ಬೇಡಿ’ ಎಂದಿರಿ ನೀವು. ಸಾಹೇಬರು ಕೇಳಿಸಿಕೊಂಡೂ ಮೇಲಿನ ಕಟ್ಟುಗಳನ್ನು ಇಳಿಸೆಂದು ಫಾತಿಮಾಳನ್ನು ಹತ್ತಿಸಿದರು. ಕಬ್ಬಿಣದ ರ್‍ಯಾಕ್ ಅವಳ ಕಾಲಿನ ಮೇಲೆ ಬಿತ್ತು. ಸಂಜೆ ಸಾಹೇಬರು ಹೇಳಿದರು, ನಾವು ಬರೆದುಕೊಂಡೆವು: ಕೋಣೆಯಲ್ಲಿ ಯಾರೂ ಇರಲಿಲ್ಲ, ಅವಳು ಹೇಳದೆ ಕೇಳದೆ ತಾನಾಗಿ ಹೋಗಿ ಹತ್ತಿದಳು. ನಾಲ್ವರೂ ಸಹಿ ಹಾಕಿದೆವು. ಅವಳ ಕೆಲಸ ಹೋಯಿತು. ನಿಮಗೆ ಎರಡೇ ತಿಂಗಳಲ್ಲಿ, ಕೇಳಿದ ಊರಿಗೇ ವರ್ಗಾವಣೆ ಬಂತು. ಆಫೀಸಿನಲ್ಲಿ ಜನ ಎರಡಕ್ಕೆ ಎರಡು ಕೂಡಿಸುತ್ತಾರೆ. ನಾನು ಕೂಡಿಸಬಾರದೆಂದು ಇಷ್ಟು ದಿನ ತಡೆದಿದ್ದೆ.

ಹೋಗಲಿ, ಆಟ. ಬೆಂಕಿಯುಂಡೆ ಎಸೆಯುವವಳು ‘ಇವನೊಬ್ಬನನ್ನು ಬಿಟ್ಟು’ ಎಂದು ಎಸೆಯಬಹುದೇ? ನನ್ನ ಹತ್ತಿರವಿರುವ ಪುಸ್ತಕದ ನೆರಳಚ್ಚಿನಲ್ಲಿ ಒಂದು ಜಾತಿಯ ಮಾಂತ್ರಿಕರು ತಮ್ಮವರ ಸುತ್ತ ಬೆಂಕಿಯಲ್ಲೇ ಒಂದು ಗೂಡು ಕೊರೆಯಬಲ್ಲರು ಎಂದಿದೆ. ಚಂದ್ರಮ್ಮ ಆ ಪಂಗಡದವಳಲ್ಲ, ಗೊತ್ತು. ಆದರೂ ಭಾಗವತರು ಮನಸ್ಸು ಮಾಡಿದರೆ ಕೊಡಬಹುದಲ್ಲ? ಸಾಧ್ಯವೋ ಇಲ್ಲವೋ, ಸ್ಪಷ್ಟವಾಗಿ ಬರೆಯಿರಿ. ನನಗೆ ಇದು ಬೇಕು.

ಸುಮಿತ್ರ

*

ಉಳ್ಳೂರ್
೨೯ ಜೂನ್ ೨೦೨೫

ಸುಮಿತ್ರಾ ಅವರಿಗೆ,

ತಡವಾಯಿತು. ಕೆಲಸ ಜಾಸ್ತಿ.

ವರ್ಗಾವಣೆಯ ಬಗ್ಗೆ ನೀವು ಹೇಗೆ ತಿಳಿದುಕೊಂಡರೂ ನನ್ನ ಅಭ್ಯಂತರವಿಲ್ಲ. ಆ ಇನ್ನೊಂದು ವಿಷಯ ಕಾಗದದಲ್ಲಿ ಬೇಡ.

ನಿಮ್ಮ ಪ್ರಶ್ನೆಗೆ ಉತ್ತರ: ಸಾಧ್ಯವಿಲ್ಲ. ಚಂದ್ರಮ್ಮನಿಗೆ ಆ ವಿದ್ಯೆ ಇಲ್ಲ. ಬೇಕಾದಾಗ ಕೊಡುವುದಾದರೆ ಪುಸ್ತಕ ಯಾಕೆ, ದಾಳ ಯಾಕೆ? ಪ್ರತಿ ಜೀವಿ ಎಂದರೆ ಪ್ರತಿ ಜೀವಿ. ಸ್ನೇಹಿತ ಅಡ್ಡ ನಿಂತಿದ್ದಾನೆಂದು ಮಾಂತ್ರಿಕಳು ಕೈಕಟ್ಟಿ ನಿಂತರೆ ಹನ್ನೊಂದು ರಾಕ್ಷಸರೂ ಸುಖವಾಗಿರುತ್ತಾರೆ. ಬೋಪಯ್ಯ ಕತ್ತಿ ಹಿಡಿದು ಇಳಿದವನು, ಅಪಾಯ ಗೊತ್ತಿದ್ದೇ ಇಳಿದವನು. ಅವನ ಮೇಲಿನ ಕನಿಕರಕ್ಕೆ ಕೈ ಹಿಂದೆಗೆಯಬೇಡಿ. ಎಸೆಯುವುದಾದರೆ ಎಸೆಯಿರಿ. ಇದು ಭಾಗವತನ ಅಂತಿಮ ತೀರ್ಪು, ಮರುಪರಿಶೀಲನೆ ಇಲ್ಲ.

ರತ್ನಾಕರ

*

ತ್ರಿಪ್ಪುಣಿತ್ತುರ
೪ ಜುಲೈ ೨೦೨೫

ರತ್ನಾಕರಣ್ಣ,

ಎಸೆದೆ.

ಆಟದಲ್ಲಿ ಎಸೆದದ್ದು ಈ ಪತ್ರದಲ್ಲಿ. ಇನ್ನೊಂದನ್ನು ನಿನ್ನೆ ಎಸೆದೆ. ಫಾತಿಮಾ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾಳೆ. ವೈಟ್ಟಿಲದಲ್ಲಿ ಅವಳು ಕೇಳಿದ್ದು ನನ್ನ ಸುಖವನ್ನಷ್ಟೇ ಅಲ್ಲ. ‘ಚೇಚಿ ಸತ್ಯಂ ಪರಯುಮೋ’ ಎಂದೂ ಕೇಳಿದ್ದಳು, ನಿಜ ಹೇಳುತ್ತೀರಾ ಎಂದು. ಅದನ್ನು ನಿಮಗೆ ಬರೆದಿರಲಿಲ್ಲ. ಈಗ ಲಿಖಿತ ಹೇಳಿಕೆ ಕೊಟ್ಟಿದ್ದೇನೆ. ಐವರ ಹೆಸರೂ ಇದೆ. ಇಪ್ಪತ್ತೆಂಟನೇ ತಾರೀಕು ಸೋಮವಾರ ವಿಚಾರಣೆ. ಅಲ್ಲಿ ಬಾಯಿಮಾತಿನಲ್ಲಿ ಖಚಿತಪಡಿಸಬೇಕು.

ಸುಳ್ಳು ಬರೆದು ಸಹಿ ಹಾಕಿದವರಿಗೆಲ್ಲ ಆರೋಪಪಟ್ಟಿ ಬರುತ್ತದೆ, ದೂರದ ಊರಿಗೆ ಎತ್ತಿಹಾಕುತ್ತಾರೆ. ನನಗೂ ಬರುತ್ತದೆ. ನನ್ನದು ಹೇಗೋ ನಡೆಯುತ್ತದೆ, ಒಂದು ಸೂಟ್‌ಕೇಸಿನ ಸಂಸಾರ. ನಿಮ್ಮದನ್ನು ನೆನೆದು ಒಂದು ತಿಂಗಳು ಕೈ ಏಳಲಿಲ್ಲ. ನೇರವಾಗಿ ಕೇಳುವ ಧೈರ್ಯವಿಲ್ಲದೆ ಆಟದಲ್ಲಿ ಕೇಳಿದೆ, ಬಿಟ್ಟು ಎಸೆಯಬಹುದೇ ಎಂದು. ಇಲ್ಲ ಎಂದಿರಿ. ಕೈ ಹಿಂದೆಗೆಯಬೇಡಿ ಎಂದಿರಿ. ಓದಿದ ದಿನವೇ ಕೂತು ಬರೆದುಬಿಟ್ಟೆ.

ಬೈಯುವುದಿದ್ದರೆ ಬೈಯಿರಿ, ಆದರೆ ಫೋನಿನಲ್ಲಿ ಬೇಡ. ಒಂದೇ ಪ್ರಕರಣದ ಇಬ್ಬರು ವಿಚಾರಣೆಗೆ ಮೊದಲು ಮಾತಾಡಿಕೊಂಡರು ಎಂಬುದಕ್ಕೆ ದಾಖಲೆ ಸಿಗಬಾರದು.

ಸುಮಿತ್ರ

*

ಉಳ್ಳೂರ್
೮ ಜುಲೈ ೨೦೨೫

ಸುಮಿತ್ರಾ,

ನಾನು ಹೇಳಿದ್ದು ಬೋಪಯ್ಯನ ವಿಷಯ. ಭವಾನಿಯ ವಿಷಯ ಅಲ್ಲ.

ಭವಾನಿ ಸಂಜೆ ನಡೆಯಲು ಹೋಗುವುದಿಲ್ಲ. ಅವಳ ಎರಡೂ ಮೂತ್ರಪಿಂಡ ಕೆಟ್ಟು ಒಂದು ವರ್ಷವಾಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಡಯಾಲಿಸಿಸ್. ಮುಗಿಸಿ ಬಂದವಳಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ನಾನು ಎತ್ತಿಕೊಂಡು ಬರುತ್ತೇನೆ. ಬೇರೊಬ್ಬರ ಮೂತ್ರಪಿಂಡಕ್ಕಾಗಿ ಇಲ್ಲಿನ ಪಟ್ಟಿಯಲ್ಲಿ ಹೆಸರಿದೆ, ಹದಿನಾಲ್ಕನೆಯದು. ಫೆಬ್ರವರಿಯಲ್ಲಿ ಮೂವತ್ತೊಂದಿತ್ತು. ಊರು ಬಿಟ್ಟರೆ ಹೊಸ ಜಾಗದಲ್ಲಿ ಬಾಲದಿಂದ ಶುರು ಎಂದಿದ್ದಾರೆ. ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕನಿಕರದ ಮುಖಗಳನ್ನು ಅವಳಿಗೆ ನೋಡಲಿಕ್ಕಾಗುವುದಿಲ್ಲ. ಸಾಹೇಬರಿಗೆ ಮಾತ್ರ ಹೇಳಿದ್ದೆ, ಹೇಳಬೇಕಾಯಿತು. ‘ಸಹಿ ಮಾಡಿ ರತ್ನಾಕರ್, ಜನವರಿಯಲ್ಲಿ ಆರ್ಡರ್ ಬರುತ್ತದೆ’ ಎಂದರು. ಮಾಡಿದೆ. ಅಲ್ಲಿಗೆ ನೀವು ಕೂಡಿಸಿದ್ದು ಸರಿ.

ಕಡತದಲ್ಲಿ ಕೇಳಿದ್ದಕ್ಕಷ್ಟೇ ಟಿಪ್ಪಣಿ ಬರೆಯುವುದು ಹದಿನೆಂಟು ವರ್ಷದ ಅಭ್ಯಾಸ. ಈ ಹೆಂಗಸು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಯಾಕೆ ಕೇಳುತ್ತಿದ್ದಾಳೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಈಗ ನಾನು ಕೇಳುತ್ತಿದ್ದೇನೆ. ವಿಚಾರಣೆಯಲ್ಲಿ ಕೋಣೆಯೊಳಗೆ ನಾಲ್ವರಿದ್ದರು ಎನ್ನಿ. ರತ್ನಾಕರ ಆಮೇಲೆ ಬಂದ, ನಮ್ಮ ಮಾತು ನಂಬಿ ಸಹಿ ಹಾಕಿದ, ಬರೆಯುವಾಗ ತಪ್ಪಾಯಿತು ಎನ್ನಿ. ಪೂರ್ತಿ ಸುಳ್ಳೂ ಅಲ್ಲ ಅದು. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಒಳಗೆ ಎಂದರೆ ಒಳಗೆ, ಹೊರಗೆ ಎಂದರೆ ಹೊರಗೆ. ಜೋಸೆಫ್, ಇಬ್ರಾಹಿಂ ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ, ಅವರು ಬಾಯಿ ತೆರೆಯುವುದೇ ಕಷ್ಟ.

ಕೈ ಮುಗಿಯುತ್ತೇನೆ.
ರತ್ನಾಕರ

*

ತ್ರಿಪ್ಪುಣಿತ್ತುರ
೧೭ ಜುಲೈ ೨೦೨೫

ರತ್ನಾಕರಣ್ಣ,

ನಿಮ್ಮ ಪತ್ರ ಬಂದು ಆರು ದಿನವಾಯಿತು. ಮೆಟ್ರೋದಲ್ಲಿ ಕೂತು ಓದಿದೆ, ಇಳಿಯುವ ನಿಲ್ದಾಣ ದಾಟಿಹೋಯಿತು. ನಿಮ್ಮನ್ನು ಎಂಥವರೆಂದು ತಿಳಿದೆನೋ ಅದಕ್ಕೆ ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಫೆಬ್ರವರಿಯಲ್ಲೇ ಒಂದು ಸಾಲು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಿನ್ನೆ ವೈಟ್ಟಿಲಕ್ಕೆ ಹೋಗಿ ಫಾತಿಮಾಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ, ಭವಾನಿ ಅವರದ್ದನ್ನೂ. ಅವಳು ಚೀಟಿಗಳನ್ನು ಜೋಡಿಸುತ್ತಾ ಕೇಳಿಸಿಕೊಂಡಳು. ಅಯ್ಯೋ ಪಾಪ ಎನ್ನುತ್ತಾಳೆ, ರತ್ನಾಕರ್ ಸಾರ್ ಹೆಸರು ಬಿಟ್ಟುಬಿಡಿ ಎನ್ನುತ್ತಾಳೆ ಎಂದು ಒಳಗೊಳಗೇ ಆಸೆ ಇತ್ತು ನನಗೆ. ಅವಳು ‘ಅಪ್ಪೋ ಎಂಡೆ ಕಾಲೋ?’ ಎಂದಳು. ಹಾಗಾದರೆ ನನ್ನ ಕಾಲು? ಎಂದು. ಆಮೇಲೆ, ರ್‍ಯಾಕ್ ಎತ್ತಿ ಅವಳನ್ನು ಎಳೆದದ್ದು ನೀವೇ ಎಂದಳು. ಹೊಸ್ತಿಲಿನ ಮೇಲೆ ನಿಂತವರು ಹೇಗೆ ಎತ್ತುತ್ತಾರೆ ರತ್ನಾಕರಣ್ಣ?

ನಿಮ್ಮನ್ನು ಬಿಟ್ಟರೆ ಏನಾಗುತ್ತದೆಂದು ನಿಮಗೂ ಗೊತ್ತು. ರ್‍ಯಾಕ್ ಅಲುಗಾಡುತ್ತಿತ್ತೆಂದು ಸಾಹೇಬರಿಗೆ ಹೇಳಿದವರು ನೀವೊಬ್ಬರೇ. ನೀವು ಅಲ್ಲಿರಲೇ ಇಲ್ಲವೆಂದರೆ ಅವರಿಗೆ ಯಾರೂ ಹೇಳಲೇ ಇಲ್ಲ ಎಂದಾಗುತ್ತದೆ. ಅವಳ ದೂರು ಅಲ್ಲಿಗೆ ಮುಗಿಯಿತು.

ಆದರೂ ನಾಲ್ವರು ಎನ್ನುತ್ತೇನೆ. ಮಾತು ಕೊಡುತ್ತೇನೆ. ಮೆಟ್ಟಿಲ ಮೇಲೆ ನೀವು ಭವಾನಿ ಅವರನ್ನು ಎತ್ತಿಕೊಂಡು ಬರುವುದು ಕಣ್ಣಿಗೆ ಕಟ್ಟಿದ ಮೇಲೆ ಬೇರೆ ಹೇಳಲು ಬಾಯಿ ಬರುವುದಿಲ್ಲ. ನೀವು ಬೇರೆ ಏನಾದರೂ ಹೇಳುವುದಿದ್ದರೆ ಇಪ್ಪತ್ತೆಂಟರೊಳಗೆ ನನಗೆ ಸಿಗುವಂತೆ ಬರೆಯಿರಿ.

ಸುಮಿತ್ರ

*

ಉಳ್ಳೂರ್
೨೬ ಜುಲೈ ೨೦೨೫, ಶನಿವಾರ

ಸುಮಿತ್ರಾ,

ನಿಮ್ಮ ಪತ್ರ ಸೋಮವಾರ ಸಿಕ್ಕಿತು. ಐದು ದಿನ ಬರೆಯಲಾಗಲಿಲ್ಲ. ಇವತ್ತು ಡಯಾಲಿಸಿಸ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಐವರು ಎನ್ನಿ.

ನಾನು ಒಳಗಿದ್ದೆ. ರ್‍ಯಾಕ್ ಎತ್ತುವಾಗ ಅವಳ ಮೂಳೆ ನನ್ನ ಕಣ್ಣಿಗೆ ಬಿದ್ದಿದೆ. ಭವಾನಿಗೆ ಈ ಯಾವುದೂ ಗೊತ್ತಿಲ್ಲ, ಹೇಳುವುದೂ ಇಲ್ಲ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ.

ರತ್ನಾಕರ

*

ತ್ರಿಪ್ಪುಣಿತ್ತುರ
೩೦ ಜುಲೈ ೨೦೨೫

ರತ್ನಾಕರಣ್ಣ,

ನಿಮ್ಮ ಪತ್ರ ಮಂಗಳವಾರ ಸಂಜೆ ಬಂತು. ವಿಚಾರಣೆ ಸೋಮವಾರ ಮುಗಿದಿತ್ತು.

ಕೋಣೆಯಲ್ಲಿ ಎಷ್ಟು ಜನರಿದ್ದರು ಎಂದು ವಿಚಾರಣಾಧಿಕಾರಿ ಕೇಳಿದರು. ಸಾಹೇಬರು ಎದುರಿಗೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾಲ್ವರು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಫಾತಿಮಾ ಊರುಗೋಲು ಊರಿಕೊಂಡು ಎದ್ದು ನಿಂತಳು, ಯಾರೂ ನಿಲ್ಲು ಎನ್ನದಿದ್ದರೂ. ಐವರು ಎಂದೆ. ಹೆಸರು ಹೇಳಿ ಎಂದರು. ಹೇಳಿದೆ. ನಿಮ್ಮದನ್ನು ಎಲ್ಲಕ್ಕಿಂತ ಮೊದಲು ಹೇಳಿದೆ, ಕೊನೆಗಿಟ್ಟರೆ ಎಲ್ಲಿ ನುಂಗಿಬಿಡುತ್ತೇನೋ ಎಂಬ ಹೆದರಿಕೆಗೆ.

ನಿಮ್ಮ ಪತ್ರ ಸೋಮವಾರ ಬೆಳಿಗ್ಗೆಯೇ ಸಿಕ್ಕಿತ್ತು, ನೀವು ಹೇಳಿದಂತೆಯೇ ಮಾಡಿದೆ ಎಂದು ಈಗ ಬರೆಯಬಹುದಿತ್ತು. ನೀವು ನಂಬುತ್ತಿದ್ದಿರಿ. ಇಬ್ಬರ ಮುಖವೂ ಉಳಿಯುತ್ತಿತ್ತು. ಆದರೆ ಒಂದು ಸುಳ್ಳಿನ ಕೆಳಗೆ ಸಹಿ ಹಾಕಿ ಎಂಟು ತಿಂಗಳು ನಿದ್ದೆಗೆಟ್ಟವಳು, ಇನ್ನೊಂದಕ್ಕೆ ಹಾಕಲಾರೆ. ನಿಮ್ಮ ಒಪ್ಪಿಗೆ ನನಗೆ ಸಿಕ್ಕಿರಲಿಲ್ಲ. ಕೊಟ್ಟ ಮಾತು ಮುರಿದೆ.

ನೀವೂ ಒಂದು ನಿಜ ಹೇಳಿ. ಸೋಮವಾರ ಸಿಕ್ಕ ಪತ್ರಕ್ಕೆ ಶನಿವಾರ ಉತ್ತರ ಹಾಕಿದರೆ ಅದು ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ ಎಂದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತೆಂದು ನನಗನ್ನಿಸುತ್ತದೆ. ಅದಕ್ಕೆ ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ.

ನನ್ನನ್ನು ನಿನ್ನೆ ಅಮಾನತು ಮಾಡಿದ್ದಾರೆ. ನಿಮ್ಮನ್ನು ದೂರ ಕಳಿಸಿದರೆ ಮಂಗಳವಾರ, ಗುರುವಾರ, ಶನಿವಾರ ಭವಾನಿ ಅವರ ಜತೆ ಆಸ್ಪತ್ರೆಗೆ ನಾನು ಹೋಗಬಲ್ಲೆ. ಎತ್ತಿಕೊಳ್ಳುವಷ್ಟು ಶಕ್ತಿ ಇಲ್ಲ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಡಿದರೆ ಆದೀತು. ಬರಲೋ ಬೇಡವೋ ತಿಳಿಸಿ.

ಸುಮಿತ್ರ

*

ಉಳ್ಳೂರ್
೬ ಆಗಸ್ಟ್ ೨೦೨೫

ಸುಮಿತ್ರಾ ಅವರಿಗೆ,

ನಾನು ಭವಾನಿ. ನಿಮ್ಮ ಕೊನೆಯ ಪತ್ರ ಬಂದಾಗ ಇವರು ಅದನ್ನು ಓದಿ, ನನಗೆ ತೋರಿಸದೆ ಎತ್ತಿಟ್ಟರು. ಎಂತ ಆಯ್ತು ಎಂದು ಕೇಳಿದರೆ ಆಫೀಸಿನ ಕಾಗದ ಎಂದರು. ಆಮೇಲೆ ಕಪಾಟಿನಲ್ಲಿ ನಿಮ್ಮ ಪತ್ರಗಳೆಲ್ಲ ಸಿಕ್ಕಿದವು. ಇವರು ನಿಮಗೆ ಬರೆದದ್ದರ ನಕಲುಗಳೂ ಇದ್ದವು, ತಾರೀಕಿನ ಪ್ರಕಾರ ದಾರ ಕಟ್ಟಿ. ಒಂದು ಮಧ್ಯಾಹ್ನ ಕೂತು ಪೂರ್ತಿ ಓದಿದೆ. ಆಟದ ಭಾಗ ಅರ್ಥವಾಗಲಿಲ್ಲ, ಉಳಿದದ್ದೆಲ್ಲ ಆಯಿತು.

ಇವರಿಗೆ ಆರ್ಡರ್ ಬಂದಿದೆ, ಅಸ್ಸಾಮಿಗೆ. ಇಪ್ಪತ್ತರೊಳಗೆ ಸೇರಬೇಕು. ನಾನು ಇಲ್ಲೇ ಇರುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಪಟ್ಟಿಯಲ್ಲಿ ಈಗ ಹದಿಮೂರು.

ನನ್ನ ಹೆಸರಿನಲ್ಲಿ ಒಬ್ಬರು ಸುಳ್ಳು ಬರೆದಿರಿ, ಇನ್ನೊಬ್ಬರು ಸುಳ್ಳು ಹೇಳುತ್ತೇನೆಂದು ಮಾತು ಕೊಟ್ಟಿರಿ. ಇಬ್ಬರೂ ನನಗಾಗಿ ಎಷ್ಟೋ ಕಣ್ಣೀರು ಹಾಕಿದ್ದೀರಿ ಎಂದು ಕಾಣುತ್ತದೆ. ನನ್ನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೇಳಿದ್ದರೆ ನಿಜ ಹೇಳಿ ಎನ್ನುತ್ತಿದ್ದೆನೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ಬದುಕುವ ಆಸೆ ನನಗೂ ಬಹಳ ಇದೆ. ಆದರೆ ಕೇಳಬೇಕಿತ್ತು.

ನಿಮ್ಮ ಮೇಲೆ ಕೋಪವಿದೆ, ಇವರ ಮೇಲೆ ಅದಕ್ಕಿಂತ ಹೆಚ್ಚು. ಕೋಪವಿದ್ದರೂ ನನಗೆ ಜನ ಬೇಕು. ಇಪ್ಪತ್ತೊಂದನೇ ತಾರೀಕು ಗುರುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯಲ್ಲಿರಿ. ಬರುವಾಗ ಫಾತಿಮಾಳ ವಿಳಾಸ ತನ್ನಿ. ನಾನು ಕಾಸರಗೋಡಿನಲ್ಲಿ ಓದಿದವಳು, ಮಲಯಾಳ ಬರೆಯಲು ಬರುತ್ತದೆ. ಅವಳಿಗೆ ನಾನೇ ಬರೆಯುತ್ತೇನೆ.

ಭವಾನಿ